ಟವೆಲ್ಲಿನ ಕೆಳಗಿನ ಕೈ

ಕುರಿ ವ್ಯಾಪಾರದಲ್ಲಿ ಬಾಯಿಗೆ ಬೇಕಾದಷ್ಟು ಕೆಲಸವಿದೆ. ನಮ್ಮ ಕುರಿಯನ್ನು ಹೊಗಳಬೇಕು, ಪಕ್ಕದವನ ಕುರಿಯನ್ನು ತೆಗಳಬೇಕು, ಟೀ ತರಿಸಬೇಕು, ಬೈಯಬೇಕು, ಬೈಸಿಕೊಳ್ಳಬೇಕು. ಬಾಯಲ್ಲಿ ಹೇಳಬಾರದ್ದು ರೇಟು ಒಂದನ್ನೇ. ಅದಕ್ಕೆ ಹೆಗಲ ಮೇಲಿನ ಟವೆಲ್ಲು ಇದೆ. ಕೊಡುವವನ ಕೈ ಮತ್ತು ಕೊಳ್ಳುವವನ ಕೈ ಎರಡರ ಮೇಲೂ ಟವೆಲ್ಲು ಹಾಕಿ ಒಳಗೆ ಬೆರಳು ಹಿಡಿಯುತ್ತೇವೆ. ಎಷ್ಟು ಬೆರಳು ಹಿಡಿದರೆ ಎಷ್ಟು, ಯಾವ ಗೆಣ್ಣು ಒತ್ತಿದರೆ ಎಷ್ಟು ಎಂಬುದು ಹಿಡಿದವರಿಗೆ ಗೊತ್ತು. ಸುತ್ತ ನಿಂತವರು ನಮ್ಮ ಮುಖ ನೋಡಿಕೊಂಡು ನಿಂತಿರಬೇಕು, ಅಷ್ಟೆ. ಬೇಡ ಅನ್ನುವವನು ಕೈ ಕಿತ್ತುಕೊಳ್ಳುತ್ತಾನೆ. ಕಿತ್ತುಕೊಳ್ಳದೆ ತಲೆ ಆಡಿಸಿದರೆ ವ್ಯಾಪಾರ ಮುಗಿದಂತೆ. ಆಮೇಲೆ ಅತ್ತರೂ ಕರೆದರೂ ಹಿಂದಕ್ಕಿಲ್ಲ.

ನಾನು ಹೊಸದುರ್ಗದ ಕಡೆಯ ಮತ್ತೋಡಿನವನು. ನಮ್ಮಪ್ಪ, ಅವರಪ್ಪ ಎಲ್ಲ ಕುರಿ ಕಾದವರು. ನಾನು ಪಿಯುಸಿವರೆಗೆ ಓದಿ, ಕಾಯುವುದಕ್ಕಿಂತ ಮಾರಿಸುವುದು ವಾಸಿ ಎಂದು ದಲ್ಲಾಳಿಯಾದೆ. ಹೊಸದುರ್ಗ, ಹಿರಿಯೂರು, ಚಿತ್ರದುರ್ಗ, ಎಲ್ಲಿ ಕುರಿ ಇಳಿದರೂ ಅಲ್ಲಿ ನನ್ನ ಗಂಟಲು ಕೇಳಿಸುತ್ತಿತ್ತು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅದಕ್ಕೆ ಈಗಲೂ ನನಗೆ ನಾಚಿಕೆಯಿಲ್ಲ. ಮೆತ್ತಗಿನ ದಲ್ಲಾಳಿಯನ್ನು ನಂಬಿ ಯಾರು ಕುರಿ ಕೊಡುತ್ತಾರೆ?

ನನಗೆ ಸರಿಸಮನಾಗಿ ಬೈಯಬಲ್ಲವನು ಒಬ್ಬನೇ ಇದ್ದ. ಹೊಳಲ್ಕೆರೆ ಕಡೆಯ ರಾಮಗಿರಿಯವನು, ಅವನೂ ದಲ್ಲಾಳಿಯೇ. ಹುಡುಗರಾಗಿದ್ದಾಗಿನಿಂದ ಒಬ್ಬರ ಗಿರಾಕಿಯನ್ನು ಒಬ್ಬರು ಎಳೆದುಕೊಂಡು, ಸಂತೆಯ ತುಂಬ ಹಗೆಗಳೆಂದು ಹೆಸರಾಗಿ, ಸಂಜೆ ಒಂದೇ ಹೋಟೆಲ್ಲಿನಲ್ಲಿ ಕೂತು ಇಡ್ಲಿ ತಿಂದವರು. ನನ್ನ ಕಾಯಿಲೆಯನ್ನು ಮೊದಲು ಕಂಡವನೂ ಅವನೇ. ಹಿರಿಯೂರಿನ ಸಂತೆಯಲ್ಲಿ ಒಂದು ದಿನ ಗಿರಾಕಿಯೊಬ್ಬ, ನಾನು ಹೇಳದ ರೇಟಿಗೆ ತಲೆ ಆಡಿಸಿಬಿಟ್ಟ. ನಾನು ಒತ್ತಿಲ್ಲ ಎಂದೆ, ಅವನು ಒತ್ತಿದ್ದೀಯ ಎಂದ. ದೊಡ್ಡ ಗಲಾಟೆಯಾಯಿತು. ರಾಮಗಿರಿಯವನು ನಡುವೆ ಬಂದು ನನ್ನ ಬಲಗೈ ಹಿಡಿದುಕೊಂಡ. ಹೆಬ್ಬೆರಳೂ ತೋರುಬೆರಳೂ ಉಣ್ಣೆ ಹೊಸೆಯುವ ಹಾಗೆ ತಮ್ಮಷ್ಟಕ್ಕೆ ಆಡುತ್ತಿದ್ದವು.

"ಲೇ, ನೀನು ಸುಮ್ಕಿದ್ರೂ ನಿನ್ ಕೈ ಚೌಕಾಸಿ ಮಾಡ್ತೈತಲ್ಲೋ" ಎಂದ. ಸುತ್ತಲಿದ್ದವರು ನಕ್ಕರು. ಅವನು ನಗಲಿಲ್ಲ.

ಚಿತ್ರದುರ್ಗದ ನರರೋಗದ ಡಾಕ್ಟರು ಹೆಂಗಸು. ನನ್ನನ್ನು ನಡೆಸಿ ನೋಡಿದರು, ಬೆರಳು ತಟ್ಟಿಸಿದರು, ಹೆಸರು ಬರೆಸಿದರು. ಬರೆಯುತ್ತ ಹೋದಂತೆ ನನ್ನ ಅಕ್ಷರ ಇರುವೆಯಷ್ಟಾಯಿತು. ಇದು ಪಾರ್ಕಿನ್‌ಸನ್ ಕಾಯಿಲೆ, ಪೂರ್ತಿ ಹೋಗುವುದಿಲ್ಲ, ಆದರೆ ಹೊತ್ತು ಹೊತ್ತಿಗೆ ಮಾತ್ರೆ ತೆಗೆದುಕೊಂಡರೆ ಚೆನ್ನಾಗಿ ಬದುಕಬಹುದು ಎಂದರು. ಮಾತ್ರೆ ಕೆಲಸ ಮಾಡಿತು. ಕೈಯ ನಡುಕ ಇಳಿಯಿತು. ಟವೆಲ್ಲಿನ ಕೆಳಗೆ ಮತ್ತೆ ಕೈ ಇಡುವಂತಾಯಿತು. ಮನೆಯವರು ಹರಕೆ ತೀರಿಸಿದರು, ಊರವರು ಬಂದು ನನ್ನ ಕೈ ನೋಡಿ ಹೋದರು.

ಕೈ ನಿಂತಿತು. ಇನ್ನೂ ಏನೋ ನಿಂತುಹೋಗಿತ್ತು. ಅದು ಯಾವಾಗ ನಿಂತಿತೆಂದು ನನಗೆ ಗೊತ್ತಿಲ್ಲ.

ದುಃಖವಿರಲಿಲ್ಲ, ಅದನ್ನು ಸರಿಯಾಗಿ ಹೇಳಬೇಕು. ದುಃಖವಾಗಿದ್ದರೆ ಅತ್ತು ಹಗುರಾಗುತ್ತಿದ್ದೆ. ಬೆಳಗಾಗುತ್ತಿತ್ತು, ಸಂಜೆಯಾಗುತ್ತಿತ್ತು. ಮುದ್ದೆ ತಟ್ಟೆಯಲ್ಲಿ ಬರುತ್ತಿತ್ತು, ನುಂಗುತ್ತಿದ್ದೆ, ಅಥವಾ ನುಂಗುತ್ತಿರಲಿಲ್ಲ. ಫೋನು ಬಡಿದುಕೊಂಡರೆ ಅದು ನಿಲ್ಲುವವರೆಗೆ ಅದನ್ನೇ ನೋಡುತ್ತಿದ್ದೆ. ಹೊಸದುರ್ಗದ ಸಂತೆಗೆ ಒಂದು ವಾರ ಹೋಗಲಿಲ್ಲ, ಮರುವಾರವೂ ಹೋಗಲಿಲ್ಲ. ಆಮೇಲೆ ಸಂತೆ ಯಾವ ವಾರ ಎಂದು ಕೇಳುವುದನ್ನೂ ಬಿಟ್ಟೆ. ಹಟ್ಟಿಯಲ್ಲಿ ಕುರಿಯೊಂದು ಅವಳಿ ಮರಿ ಹಾಕಿತು. ಹೆಂಡತಿ ಬಂದು ಕರೆದಳು. ಹೂಂ ಎಂದೆ. ಗೋಡೆಯ ಕಡೆ ತಿರುಗಿ ಮಲಗಿದೆ.

ಇದಕ್ಕೆ ನನಗೆ ಸಿಕ್ಕಿದ್ದು ಹೊಗಳಿಕೆ! ಮನೆಗೆ ಬಂದವರೆಲ್ಲ ನನ್ನೆದುರಿಗೇ ನನ್ನನ್ನು ಕೊಂಡಾಡಿದರು. ಎಂಥಾ ಸಿಟ್ಟಿನ ಮನುಷ್ಯ, ಎಷ್ಟು ಸಾಧುವಾದ ನೋಡಿ ಎಂದರು. ವಯಸ್ಸಿಗೆ ಸರಿಯಾಗಿ ವೈರಾಗ್ಯ ಬಂದಿದೆ ಎಂದರು. ಮಠಗಳ ಸೀಮೆ ನಮ್ಮದು; ಮಾತು ಬಿಟ್ಟವನನ್ನು ಕಂಡರೆ ಜನರಿಗೆ ಕೈ ಮುಗಿಯುವ ಮನಸ್ಸಾಗುತ್ತದೆ. ಬದುವಿನ ಜಗಳವಾಡಿದ್ದ ಅಣ್ಣತಮ್ಮಂದಿರಿಬ್ಬರು ಪಂಚಾಯ್ತಿಗೆ ನನ್ನ ಹತ್ತಿರ ಬಂದರು, ಯಾಕೆಂದರೆ ನನಗೆ ಈಗ ಯಾರ ಪಕ್ಷವೂ ಇಲ್ಲವಂತೆ. ಅವರು ಕೂಗಾಡಿದ್ದನ್ನೆಲ್ಲ ತುಟಿ ಪಿಟಕ್ಕೆನ್ನದೆ ಕೇಳಿದೆ. ಕೇಳಿದೆನೋ ಇಲ್ಲವೋ. ಕೊನೆಗೆ ಅವರೇ ನಾಚಿಕೊಂಡು ರಾಜಿಯಾಗಿ, ನನ್ನ ಕಾಲು ಮುಟ್ಟಿ ಹೋದರು. ಹಿಂದಿನ ನಾನಾಗಿದ್ದರೆ ಇಬ್ಬರನ್ನೂ ಅಟ್ಟಾಡಿಸುತ್ತಿದ್ದೆ.

ಹೆಂಡತಿಗೂ ಮೊದಮೊದಲು ಖುಷಿಯೇ ಆಗಿತ್ತು. ಅವಳನ್ನು ತಪ್ಪು ಅನ್ನುವುದಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದವನು ಈಗ ಉಪ್ಪೇ ಇಲ್ಲದ ಸಾರನ್ನು ಉಂಡು ಏಳುತ್ತಿದ್ದೆ. ದುರ್ಗಕ್ಕೆ ಹೋದಾಗಲೆಲ್ಲ ಡಾಕ್ಟರು, ನಡುಕ ಹೇಗಿದೆ, ನಡಿಗೆ ಹೇಗಿದೆ ಎಂದು ಕೇಳಿ, ಮನಸ್ಸು ಹೇಗಿದೆ ಎಂದೂ ಕೇಳುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಇವಳು ಹೆಮ್ಮೆಯಿಂದ, ಮೊದಲಿಗಿಂತ ಎಷ್ಟೋ ಶಾಂತವಾಗಿದ್ದಾರೆ ಎಂದುಬಿಡುತ್ತಿದ್ದಳು. ನಾನು ತಲೆ ಆಡಿಸುತ್ತಿದ್ದೆ. ಅವರು ಬರೆದುಕೊಳ್ಳುತ್ತಿದ್ದರು.

ಇನ್ನು ನಮ್ಮ ಹಟ್ಟಿಯ ಬಳುವಳಿ ಕುರಿಗಳ ವಿಷಯ ಹೇಳಬೇಕು. ನಮ್ಮಲ್ಲಿ ಹೆಣ್ಣುಮಗಳು ಗಂಡನ ಮನೆಗೆ ಹೊರಟಾಗ ತವರಿನವರು ಒಂದು ಹೆಣ್ಣು ಕುರಿ ಕೊಟ್ಟು ಕಳಿಸುತ್ತಾರೆ. ಅದರ ಮರಿ, ಆ ಮರಿಯ ಮರಿ ಎಲ್ಲವೂ ಅವಳವೇ. ಗಂಡು ಮರಿ ಮಾರಿ ಅವಳು ಬಳೆ ಇಟ್ಟುಕೊಳ್ಳಲಿ, ಸೀರೆ ಉಡಲಿ, ಕೇಳುವ ಹಾಗಿಲ್ಲ. ಹೆಣ್ಣು ಕುರಿಗಳನ್ನು ಮಾತ್ರ ಯಾರೂ ಮಾರುವುದಿಲ್ಲ. ಇವಳ ತವರು ಹಿರಿಯೂರು ತಾಲ್ಲೂಕಿನ ಹರಿಯಬ್ಬೆ. ಅವಳ ಅವ್ವ ಹಗ್ಗ ಹಿಡಿದು ತಾನೇ ನಡೆಸಿಕೊಂಡು ಬಂದು ಬಿಟ್ಟುಹೋದ ಒಂದು ಕುರಿಯಿಂದ ಒಂದು ಸಣ್ಣ ಹಿಂಡೇ ಆಗಿತ್ತು. ಅವಕ್ಕೆ ನಮ್ಮ ಮನೆಯ ಗುರುತಲ್ಲ. ಕಿವಿಯ ಅಂಚು ಕತ್ತರಿಸಿ ಹಾಕಿದ ಹರಿಯಬ್ಬೆಯ ಕಚ್ಚು ಇರುತ್ತದೆ. ಅವ್ವ ಸತ್ತ ಮೇಲೆ ತವರಿನದು ಎಂದು ಇವಳಿಗೆ ಉಳಿದದ್ದು ಆ ಕಚ್ಚು ಒಂದೇ.

ರಾಮಗಿರಿಯವನಿಗೂ ನನಗೂ ಈ ಕುರಿಗಳ ಮೇಲೆ ಒಂದು ಹಳೆಯ ಆಟವಿತ್ತು. ಟಗರು ಕೊಳ್ಳಲು ಬಂದಾಗಲೆಲ್ಲ, ಬಂದ ಕೆಲಸ ಮುಗಿಸಿ, ಬಳುವಳಿ ಕುರಿಗಳ ಕಡೆ ಗದ್ದ ಎತ್ತಿ ತೋರಿಸಿ, ನನ್ನ ಕೈ ಮೇಲೆ ಟವೆಲ್ಲು ಎಸೆದು, ಕೋಳಿಗೂ ಸಾಲದ ರೇಟು ಒತ್ತುತ್ತಿದ್ದ. ನಾನು ಕೈ ಕಿತ್ತೊಗೆದು ಅವನ ವಂಶದವರನ್ನೆಲ್ಲ ಬೈಯುತ್ತಿದ್ದೆ. ಒಳಗಿನಿಂದ ಇವಳೂ ಬೈಯುತ್ತಿದ್ದಳು. ಆಮೇಲೆ ಅವನಿಗೆ ಊಟಕ್ಕೆ ಬಡಿಸುತ್ತಿದ್ದಳು.

ಆ ದಿನ ಇವಳು ನನ್ನ ಮಾತ್ರೆ ತರಲು ಹೊಸದುರ್ಗಕ್ಕೆ ಹೋಗಿದ್ದಳು. ಅವನು ಬಂದ. ನನ್ನನ್ನು ಜಗಲಿಗೆ ಎಬ್ಬಿಸಿಕೊಂಡು ಬಂದು ಕೂರಿಸಿದ. ಸಂತೆಯ ಸುದ್ದಿ ಹೇಳಿದ, ನಾನು ಕೇಳಲಿಲ್ಲ. ಕೊನೆಗೆ ಎಂದಿನಂತೆ ಗದ್ದ ಎತ್ತಿ, ಟವೆಲ್ಲು ಎಸೆದು, ಬೆರಳು ಒತ್ತಿದ.

ಕೈ ಕಿತ್ತುಕೊಳ್ಳಬೇಕೆಂದು ನನಗೆ ಗೊತ್ತಿತ್ತು. ಆದರೆ ಕೈ ಎತ್ತುವುದು ಬಹಳ ದೊಡ್ಡ ಕೆಲಸವಾಗಿ ಕಂಡಿತು. ಬೈಯಬೇಕು, ಅದಕ್ಕೆ ಮಾತು ಹುಡುಕಬೇಕು, ಉಸಿರು ತೆಗೆದುಕೊಳ್ಳಬೇಕು. ತಲೆ ಆಡಿಸಿದರೆ ಇವನು ಬೇಗ ಹೋಗುತ್ತಾನೆ, ನಾನು ಮಲಗಬಹುದು. ತಲೆ ಆಡಿಸಿದೆ.

ಅವನು ನನ್ನ ಮುಖ ನೋಡಿದ. ಇನ್ನೂ ಕಡಿಮೆ ಒತ್ತಿದ. ಅದಕ್ಕೂ ತಲೆ ಆಡಿಸಿದೆ. ಇನ್ನೂ ಕಡಿಮೆ ಮಾಡಿ, ಒಂದೇ ಗೆಣ್ಣನ್ನು ಮುಟ್ಟಿ ಸುಮ್ಮನಾದ. ಅದಕ್ಕೂ ಆಡಿಸಿದೆ. ಕೊನೆಗೆ ಅವನೇ ಕೈ ಹಿಂದಕ್ಕೆ ತೆಗೆದುಕೊಂಡ; ನಾನು ತಲೆ ಆಡಿಸಿದ್ದರಿಂದ ವ್ಯಾಪಾರವಂತೂ ಮುಗಿದಿತ್ತು. ಅವನ ಮುಖ ಬಿಳಿಚಿಕೊಂಡಿತ್ತು. ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಎದ್ದು, ಕುರಿಗಳನ್ನು ತಾನು ತಂದಿದ್ದ ಲಗೇಜ್ ಆಟೋಕ್ಕೆ ಹತ್ತಿಸಿದ. ದುಡ್ಡನ್ನು ನನ್ನ ಪಕ್ಕದಲ್ಲಿಟ್ಟು ಅದರ ಮೇಲೊಂದು ಕಲ್ಲಿಟ್ಟ. ಕುರಿಗಳು ಅರಚುತ್ತ ಹೋದವು. ನಾನು ಒಳಗೆ ಹೋಗಿ ಮಲಗಿದೆ.

ಇವಳು ಬಂದವಳು ಮೊದಲು ಕಳ್ಳರು ಬಂದಿದ್ದರು ಎಂದುಕೊಂಡಳು. ಕೂಗಿಕೊಂಡು ಒಳಗೆ ಬಂದಳು. ಕೊಟ್ಟೆ ಎಂದೆ. ಯಾರಿಗೆ ಎಂದಳು, ಹೇಳಿದೆ. ಎಷ್ಟಕ್ಕೆ ಎಂದಳು, ಅದನ್ನೂ ಹೇಳಿದೆ. ಅವಳು ಬಾಗಿಲ ಹತ್ತಿರ ಕುಸಿದು ಕೂತಳು. ಆಮೇಲೆ ಶುರು ಮಾಡಿದಳು. ಮದುವೆಯಾದಾಗಿನಿಂದ ನುಂಗಿಕೊಂಡಿದ್ದನ್ನೆಲ್ಲ ಆವತ್ತು ಹೇಳಿದಳು. ನನ್ನ ಅಪ್ಪನನ್ನು ಅಂದಳು, ನನ್ನ ಕುಲವನ್ನು ಅಂದಳು. ನಾನು ಕೇಳುತ್ತ ಕೂತಿದ್ದೆ. ಯಾವುದೂ ತಾಗಲಿಲ್ಲ. ಅವಳ ಬಾಯಿ ಆಡುವುದನ್ನು ನೋಡುತ್ತಿದ್ದೆ.

ಇದ್ದಕ್ಕಿದ್ದಂತೆ ಅವಳು ಬೈಯುವುದನ್ನು ನಿಲ್ಲಿಸಿ ಹತ್ತಿರ ಬಂದು ನನ್ನ ಗಲ್ಲ ಹಿಡಿದು ಮುಖ ಎತ್ತಿದಳು.

"ತಿರುಗಿ ಬೈಯ್ರಿ ನನ್ನ. ದಮ್ಮಯ್ಯ, ಒಂದ್ ಸಲ ಬೈಯ್ರಿ."

ಯಾಕೆ ಎಂದು ಕೇಳಿದೆ. ನಿಜವಾಗಿಯೂ ತಿಳಿಯದೆಯೇ ಕೇಳಿದ್ದು. ಅವಳಿಗೆ ಆಗ ಹೆದರಿಕೆಯಾಯಿತು. ಹಿಡಿದಿದ್ದ ಕೈ ಬಿಟ್ಟಳು.

ರಾಮಗಿರಿಗೆ ಫೋನು ಮಾಡಿದಳು. ಸ್ಪೀಕರಿನಲ್ಲಿ ಮಾತಾಡಿದಳಾದ್ದರಿಂದ ನನಗೂ ಕೇಳುತ್ತಿತ್ತು. ಕುರಿ ವಾಪಸು ಕೊಡಣ್ಣ, ದುಡ್ಡು ಹಾಗೇ ಇದೆ ಎಂದಳು. ಅವನು ಕೊಡುವುದಿಲ್ಲ ಎಂದ. ಕೈ ಕೊಟ್ಟು ಆದ ವ್ಯಾಪಾರ, ಬಾಯಿ ಮಾತಿಗೆ ವಾಪಸಿಲ್ಲ. ನಿನ್ನ ಗಂಡನೇ ಬಂದು ಕೈ ಕೊಟ್ಟು, ಚೌಕಾಸಿ ಮಾಡಿ, ಬಿಡಿಸಿಕೊಂಡು ಹೋಗಲಿ ಎಂದ. ಇವಳು ಅವನನ್ನೂ ಬೈದಳು. ಬೈಯುವುದು ಮುಗಿಯುವವರೆಗೆ ಅವನು ಕಾದ.

"ಇಷ್ಟು ವರ್ಷ ಆ ಕೈ ಹಿಡ್ದಿದೀನಿ ಅಕ್ಕ. ಅದು ಬೇಡ ಅನ್ನಲ್ಲ, ಬೇಕು ಅನ್ನಲ್ಲ, ಏನೂ ಅನ್ನಲ್ಲ. ಶಾಂತ ಗೀಂತ ಅಂತ ಕುಂತ್ಕಬ್ಯಾಡ. ನಾಳೆನೇ ದುರ್ಗಕ್ಕೆ ಕರ್ಕಂಡೋಗು."

ಮರುದಿನ ಬಸ್ಸಿನಲ್ಲಿ ಇವಳು ನನ್ನ ತೋಳು ಹಿಡಿದುಕೊಂಡೇ ಕೂತಿದ್ದಳು. ಡಾಕ್ಟರು ಕುರ್ಚಿ ತೋರಿಸುವ ಮೊದಲೇ ಮಾತು ತೆಗೆದಳು. ಶಾಂತವಾಗಿದ್ದಾರೆ ಎಂದು ತಾನೇ ಹೇಳಿದ್ದು ತಪ್ಪಾಯಿತು, ಅದು ಶಾಂತಿಯಲ್ಲ ಎಂದು ಕುರಿಗಳ ಕಥೆ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. ಈ ಸಲ ಮನಸ್ಸು ಹೇಗಿದೆ ಎಂದು ಕೇಳಲಿಲ್ಲ. ಮೊದಲು ಇಷ್ಟಪಟ್ಟು ಮಾಡುತ್ತಿದ್ದದ್ದು ಏನು, ಅದನ್ನು ಯಾವಾಗ ಬಿಟ್ಟಿರಿ ಎಂದು ಕೇಳಿದರು. ಬೆಳಗಿನ ಜಾವ ಎಚ್ಚರವಾದರೆ ಮತ್ತೆ ನಿದ್ದೆ ಬರುತ್ತದೆಯೇ, ಊಟ ರುಚಿಸುತ್ತದೆಯೇ, ನಾನು ಯಾರಿಗೂ ಬೇಡದವನು ಅನ್ನಿಸುತ್ತದೆಯೇ ಎಂದು ಕೇಳಿದರು. ಒಂದೊಂದಕ್ಕೂ ನಾನು ಉತ್ತರ ಕೊಡುವವರೆಗೆ ಕಾದರು, ಇವಳು ಬಾಯಿ ಹಾಕಲು ಬಂದರೆ ಕೈ ಅಡ್ಡ ಹಿಡಿದರು. ಕೊನೆಗೆ, ಸಾಯಬೇಕು ಅನ್ನಿಸುತ್ತದೆಯೇ ಎಂದು ನೇರವಾಗಿಯೇ ಕೇಳಿದರು.

"ಎದ್ದೇಳ್ದಿದ್ರೆ ಚೆನ್ನಾಗಿತ್ತು ಅನ್ನಿಸ್ತೈತೆ" ಎಂದೆ. "ಸಾಯೋಕೂ ಮೇಲಕ್ಕೇಳ್ಬೇಕಲ್ರಿ ಡಾಕ್ಟ್ರೇ, ಅದಕ್ಕೇ ಸುಮ್ನಿದೀನಿ."

ಪಕ್ಕದಲ್ಲಿ ಇವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಒಂದೇ ಮನೆಯಲ್ಲಿ ಇದ್ದೂ ಅವಳು ಅದನ್ನು ಕೇಳಿದ್ದು ಅದೇ ಮೊದಲು.

ಡಾಕ್ಟರು ಇದನ್ನು ಖಿನ್ನತೆ ಎಂದರು. ಮನೋಬಲ ಕಡಿಮೆಯಾಗಿ ಬಂದದ್ದಲ್ಲ, ವೈರಾಗ್ಯವಂತೂ ಅಲ್ಲ. ಕೈ ನಡುಗಿಸುವ ಕಾಯಿಲೆಯೇ ಮೆದುಳಿನಲ್ಲಿ ಮನಸ್ಸನ್ನೂ ಕೆಡಿಸುತ್ತದೆ, ಈ ಕಾಯಿಲೆಯ ಬಹಳ ಜನಕ್ಕೆ ಬರುತ್ತದೆ, ಕೆಲವರಿಗೆ ನಡುಕಕ್ಕೂ ಮೊದಲೇ ಬಂದಿರುತ್ತದೆ ಎಂದರು. ಕಾಯಿಲೆಯಿಂದ ಮುಖದ ಸ್ನಾಯು ಬಿಗಿದು ನಗುವೂ ಅಳುವೂ ಹೊರಗೆ ಕಾಣದೆ ಹೋಗುವುದರಿಂದ ಮನೆಯವರಿಗೆ ಗೊತ್ತಾಗುವುದು ಕಷ್ಟ ಎಂದು ಇವಳಿಗೆ ಸಮಾಧಾನ ಹೇಳಿದರು. ಇವಳ ಆ ಒಂದು ಮಾತಿಗೆ ತಾವೂ ನಿಂತುಬಿಟ್ಟದ್ದು ತಪ್ಪು, ಇನ್ನು ಮುಂದೆ ಶಾಂತ ಎಂದರೆ ನಂಬುವುದಿಲ್ಲ ಎಂದರು. ಹಳೆಯ ಮಾತ್ರೆಗಳ ಹೊತ್ತು ಬದಲಿಸಿ, ಖಿನ್ನತೆಗೆಂದು ಇನ್ನೊಂದು ಬರೆದರು. ಅದು ಹಿಡಿಯಲು ವಾರಗಳು ಬೇಕು, ಹಿಡಿಯಲಿಲ್ಲವೆಂದು ನೀವಾಗಿ ನಿಲ್ಲಿಸಬಾರದು, ಏಳದಿದ್ದರೆ ಸಾಕು ಅನ್ನುವುದು ಹೆಚ್ಚಾದರೆ ಆ ಕ್ಷಣವೇ ಬರಬೇಕು ಎಂದರು. ದಿನಾ ನಡೆಯಬೇಕು, ಅದೇ ಕಟ್ಟಡದಲ್ಲಿ ಕೂರುವ ಆಪ್ತಸಮಾಲೋಚಕನ ಹತ್ತಿರ ಮಾತಾಡಬೇಕು. ಹೂಂ ಎಂದೆ. ಏನು ಹೇಳಿದ್ದರೂ ಹೂಂ ಅನ್ನುತ್ತಿದ್ದೆ.

ವಾರಗಳು ಹೋದವು, ಏನೂ ಆಗಲಿಲ್ಲ. ಬಾಯಿ ಒಣಗಿತು, ಅಷ್ಟೆ. ನಿಲ್ಲಿಸಿಬಿಡುತ್ತೇನೆ ಎಂದೆ. ಇವಳು ಮಾತ್ರೆಯನ್ನು ನನ್ನ ನಾಲಿಗೆಯ ಮೇಲಿಟ್ಟು, ನುಂಗುವವರೆಗೆ ಎದುರಿಗೇ ನಿಲ್ಲತೊಡಗಿದಳು. ಸಮಾಲೋಚಕ ನನಗೆ ಮಗನಾಗುವ ವಯಸ್ಸಿನವನು. ಮನಸ್ಸು ಬರಲಿ ಎಂದು ಕಾಯಬೇಡಿ, ಮನಸ್ಸಿಲ್ಲದಿದ್ದರೂ ದಿನಕ್ಕೊಂದು ಕೆಲಸ ಮಾಡಿ ಎಂದ. ಬಳುವಳಿ ಕುರಿಗಳಿದ್ದ, ಈಗ ಖಾಲಿಯಾದ ಹಟ್ಟಿಯ ಮೂಲೆಯನ್ನು ಗುಡಿಸುವ ಕೆಲಸ ಹಿಡಿದೆ. ಹಟ್ಟಿಯ ಉಳಿದ ಕುರಿಗಳಿಗೆ ತೊಟ್ಟಿಗೆ ನೀರು ಬಿಟ್ಟೆ. ಹಿತವೆನಿಸಲಿಲ್ಲ. ಗುಡಿಸಿದ್ದಾಯಿತು ಎಂದಷ್ಟೇ ಅನ್ನಿಸಿತು. ಆದರೂ ಅದು ಒಂದು ಅನಿಸಿಕೆ, ಅದಕ್ಕೆ ಮೊದಲು ಅಷ್ಟೂ ಇರಲಿಲ್ಲ.

ರಾಮಗಿರಿಯವನು ಹೊಸದುರ್ಗದ ಸಂತೆ ಮುಗಿಸಿ ನಮ್ಮ ಮನೆಗೆ ಬರುವುದನ್ನು ಬಿಡಲಿಲ್ಲ. ಬಂದು ಕೂತು, ನನ್ನ ಕೈ ಮೇಲೆ ಟವೆಲ್ಲು ಹಾಕಿ, ಆ ಕುರಿಗಳನ್ನು ವಾಪಸು ಕೊಡಲು ಒಂದು ರೇಟು ಒತ್ತುತ್ತಿದ್ದ. ನನ್ನ ಕೈ ಬಿದ್ದಿರುತ್ತಿತ್ತು. ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, "ಇನ್ನೂ ಬಂದಿಲ್ಲ ಅಕ್ಕ" ಎಂದು ಒಳಗಿನವಳಿಗೆ ಹೇಳುತ್ತಿದ್ದ, ಬಸ್ಸು ಬಂದಿಲ್ಲ ಎನ್ನುವ ಹಾಗೆ. ಟೀ ಕುಡಿದು, ಮೇವು ಎಷ್ಟು ತಿನ್ನುತ್ತವೆ ನಿಮ್ಮ ದರಿದ್ರ ಕುರಿಗಳು ಎಂದು ಗೊಣಗಿ ಹೋಗುತ್ತಿದ್ದ. ಇವಳು ಅವನ ಹತ್ತಿರ ಕುರಿಗಳ ಸುದ್ದಿ ಕೇಳುತ್ತಿದ್ದಳೇ ಹೊರತು ಕೊಡು ಎಂದು ಮತ್ತೆ ಕೇಳಲಿಲ್ಲ. ನನ್ನನ್ನೂ ಕೇಳಲಿಲ್ಲ. ಬೆಳಿಗ್ಗೆ ಆ ಮೂಲೆಯ ಮುಂದೆ ಹೋಗುವಾಗ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಅದನ್ನು ನಾನು ಗಮನಿಸಿದ್ದು ಮಳೆಗಾಲ ಕಳೆದ ಮೇಲೆ. ಗಮನಿಸಿದಾಗ ಎದೆಯಲ್ಲಿ ಸಣ್ಣಗೆ ಏನೋ ಚುಚ್ಚಿತು. ಯಾವುದೋ ಹಳೆಯ ನೋವು ಎಂದುಕೊಂಡು ಸುಮ್ಮನಾದೆ.

ಇನ್ನೊಮ್ಮೆ ದುರ್ಗಕ್ಕೆ ಹೋಗಿ ಬರುವಾಗ ಹೊಳಲ್ಕೆರೆಯಲ್ಲಿ ಬಸ್ಸು ನಿಂತಿತು. ರಾಮಗಿರಿಗೆ ಹೋಗಾಣ, ಕುರಿಗಳನ್ನು ಒಂದು ಸಲ ಕಣ್ಣಲ್ಲಿ ನೋಡಿಕೊಂಡು ಬರುತ್ತೇನೆ ಎಂದಳು. ಅವಳು ಏನಾದರೂ ಕೇಳಿ ಬಹಳ ಕಾಲವಾಗಿತ್ತು. ಹೋದೆವು.

ಅವನ ಕುರಿ ಕೂಡುವ ರೊಪ್ಪ ಮನೆಯ ಹಿಂದೆ, ಬೆಟ್ಟದ ಕಡೆಗೆ ಮುಖ ಮಾಡಿಕೊಂಡಿದೆ. ಇವಳು ಬಾಯಿ ತೆರೆದು ಕರೆದಳೋ ಇಲ್ಲವೋ, ಕುರಿಗಳು ಬೇಲಿಗೆ ಬಂದು ಮುತ್ತಿದವು. ಚೆನ್ನಾಗಿಯೇ ಸಾಕಿದ್ದ. ಅವುಗಳ ನಡುವೆ ಒಂದು ಹೊಸ ಹೆಣ್ಣು ಮರಿ ಇತ್ತು. ಇವಳು ಅದನ್ನು ಎತ್ತಿಕೊಂಡು ಕಿವಿ ಸವರಿದಳು. ಸವರುತ್ತಿದ್ದ ಕೈ ನಿಂತಿತು. ನಾನು ಹತ್ತಿರ ಹೋಗಿ ನೋಡಿದೆ. ಕಿವಿಯಲ್ಲಿ ರಾಮಗಿರಿಯ ಕಚ್ಚು ಇತ್ತು. ಅವನ ಮನೆಯ ಗುರುತು.

ನ್ಯಾಯವಾಗಿ ಅವನು ಮಾಡಿದ್ದು ಸರಿ. ಅವನು ಕೊಂಡ ಕುರಿ, ಅವನ ರೊಪ್ಪದಲ್ಲಿ ಹುಟ್ಟಿದ ಮರಿ. ಇವಳು ಮರಿಯನ್ನು ಎದೆಗೆ ಒತ್ತಿಕೊಂಡು ಬೇಲಿಯ ಕಲ್ಲಿನ ಮೇಲೆ ಕೂತಳು.

ಅವನು ಬಂದು ನನ್ನನ್ನು ಮಂಚದ ಮೇಲೆ ಕೂರಿಸಿ, ಟವೆಲ್ಲು ಹಾಕಿದ. ಬೆರಳು ಒತ್ತಿದ. ಒತ್ತಿದ ರೇಟು ಕೇಳಿದರೆ ಸಂತೆಯೇ ಎದ್ದು ಓಡಬೇಕು, ಅಷ್ಟು ದುಬಾರಿಯಾಗಿತ್ತು. ಮಾತ್ರೆಯ ಹೊತ್ತು ಮೀರಿತ್ತು. ನನ್ನ ಕೈ ಮತ್ತೆ ಉಣ್ಣೆ ಹೊಸೆಯತೊಡಗಿತ್ತು. ನಾನು ಆ ಮರಿಯ ಕಿವಿಯನ್ನೇ ನೋಡುತ್ತಿದ್ದೆ. ಹೊಟ್ಟೆಯ ಒಳಗೆ ಎಲ್ಲೋ ಬಿಸಿಯಾಯಿತು. ಅದು ಎದೆಗೆ ಬಂತು, ಕಿವಿಗೆ ಬಂತು. ಏನೆಂದು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಸಿಟ್ಟು. ನನಗೆ ಸಿಟ್ಟು ಬಂದಿತ್ತು.

ಟವೆಲ್ಲಿನ ಒಳಗೆ ಅವನ ಬೆರಳು ಹಿಡಿದು, ಇಳಿಸು ಎನ್ನುವ ಹಾಗೆ ಹಿಂದಕ್ಕೆ ಮಡಚಿದೆ.

ಅವನು ಬಗ್ಗಿ ನನ್ನ ಮುಖ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ, "ನಡುಗ್ತೈತಲ್ಲೋ. ಇದು ರೇಟೋ, ಕಾಯಿಲೆಯೋ?"

"ನಡುಗ್ತಿರೋದು ಕಾಯಿಲೆ. ಹಿಡ್ದಿರೋದು ನಾನು" ಎಂದೆ. "ಯಾರ ಮರಿಗೆ ಯಾರ ಕಚ್ಚು ಹಾಕಿದೀಯೋ, ಕಳ್ಳ ನನ್ಮಗನೆ?"

ಗಂಟಲು ಸಣ್ಣದಾಗಿತ್ತು, ಸಂತೆಯ ಗಂಟಲಲ್ಲ. ಆದರೂ ನಿಲ್ಲಿಸಲಿಲ್ಲ. ಅವನ ಅಪ್ಪನಿಂದ ಶುರುಮಾಡಿ, ಅವನ ಊರು, ಅವನ ತಕ್ಕಡಿ, ಅವನ ಮೀಸೆ, ಒಂದನ್ನೂ ಬಿಡದೆ ಬೈದೆ. ಬೈಯುತ್ತಲೇ ನನ್ನ ರೇಟು ಒತ್ತಿದೆ. ಅವನೂ ಬೈಯುತ್ತ ಒತ್ತಿದ. ಟೀ ತಣ್ಣಗಾಗಿ ಕೆನೆ ಕಟ್ಟುವವರೆಗೆ ಜಗ್ಗಾಡಿದೆವು. ಕೊನೆಗೆ ಅವನು ತಲೆ ಆಡಿಸಿದ, ಕೈ ಮಾತ್ರ ಬಿಡಲಿಲ್ಲ. ಟವೆಲ್ಲಿನ ಕೆಳಗೆ ಅವನ ಕೈಯೂ ನಡುಗುತ್ತಿತ್ತು. ಅವನಿಗೆ ಯಾವ ಕಾಯಿಲೆಯೂ ಇಲ್ಲ.

ತಿರುಗಿ ನೋಡಿದರೆ ಇವಳು ಮರಿಯ ಕತ್ತಿನಲ್ಲಿ ಮುಖ ಇಟ್ಟು ಅಳುತ್ತಿದ್ದಳು. ಕುರಿ ಹೋದ ದಿನ ಅತ್ತಿರಲಿಲ್ಲ. ನನಗೆ ಅದಕ್ಕೂ ರೇಗಿತು. ಬಿಡಿಸಿಕೊಂಡಾಯಿತಲ್ಲ, ಸುಮ್ಮನಿರೇ, ಮಂದಿಯ ಮನೆಯಲ್ಲಿ ಏನದು ರಾಗ ಎಂದು ಅವಳ ಮೇಲೂ ಕೂಗಿದೆ.

ಅವಳು ಮುಖ ಎತ್ತಿ ನನ್ನನ್ನು ನೋಡಿ ಇನ್ನೂ ಜೋರಾಗಿ ಅತ್ತಳು.